ಇಕ್ಕಳದಂತೆ ಬಾಯಿ ತೆರೆದ ದೇಶ: ಕ್ರೊಯೇಷಿಯಾದ ನೆಲ, ಕಡಲು, ಗಡಿ

ಪ್ರಶ್ನೆ: ನಕ್ಷೆಯಲ್ಲಿ ಕ್ರೊಯೇಷಿಯಾ ಬಾಯಿ ತೆರೆದ ಇಕ್ಕಳದ ಹಾಗೆ ಕಾಣುತ್ತದೆ. ಆ ಬಾಯೊಳಗೆ ಬೋಸ್ನಿಯಾ ಸಿಕ್ಕಿಕೊಂಡಿದೆ. ಈ ಆಕಾರಕ್ಕೆ ಬೆಟ್ಟ, ನದಿಗಳು ಕಾರಣವೋ, ಇತಿಹಾಸವೋ? ಇನ್ನೊಂದು ವಿಷಯ: ರಾಜಧಾನಿ ಝಾಗ್ರೆಬ್‌ನಿಂದ ದಕ್ಷಿಣ ಕರಾವಳಿಯ ಡುಬ್ರೊವ್ನಿಕ್‌ಗೆ ಬಾಡಿಗೆ ಕಾರಿನಲ್ಲಿ ಹೋಗುವ ಯೋಚನೆ ಇದೆ. ದಾರಿಯಲ್ಲಿ ಬೋಸ್ನಿಯಾ ದಾಟಲೇಬೇಕು ಎನ್ನುವವರೂ ಇದ್ದಾರೆ, ಬೇಕಿಲ್ಲ ಎನ್ನುವವರೂ ಇದ್ದಾರೆ. ಭಾರತದ ಪಾಸ್‌ಪೋರ್ಟ್‌ಗೆ ಒಂದೇ ಪ್ರವೇಶದ ಷೆಂಗೆನ್ ವೀಸಾ ಸಾಕೇ?

ಉತ್ತರ: ವೀಸಾ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಷೆಂಗೆನ್ ಎಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ. ಕ್ರೊಯೇಷಿಯಾ ಅದರಲ್ಲಿದೆ, ಬೋಸ್ನಿಯಾ ಇಲ್ಲ. ಕ್ರೊಯೇಷಿಯಾದೊಳಗೇ ಇರುವ ಪೆಲ್ಯೆಶಾಟ್ಸ್ ಸೇತುವೆಯ ದಾರಿ ಹಿಡಿದರೆ ಒಂದೇ ಪ್ರವೇಶದ ವೀಸಾ ಸಾಕು. ಬೋಸ್ನಿಯಾದ ನೆಯುಮ್ ಊರಿನ ಮೂಲಕ ಹೋಗುವ ಹಳೆಯ ಕರಾವಳಿ ರಸ್ತೆ ಹಿಡಿದರೆ ಸಾಲದು. ಎರಡು ಗುಂಪಿನವರು ಹೇಳುವುದೂ ನಿಜ, ಅವರವರ ರಸ್ತೆಯ ಮಟ್ಟಿಗೆ. ವಿವರ ಕೊನೆಯಲ್ಲಿದೆ. ಆ ರಸ್ತೆಗಳು ಯಾಕೆ ಹಾಗಿವೆ ಎಂಬುದು ನಿಮ್ಮ ಮೊದಲ ಪ್ರಶ್ನೆಯ ಉತ್ತರದಲ್ಲೇ ಅಡಗಿರುವುದರಿಂದ ಅಲ್ಲಿಂದ ಶುರು ಮಾಡೋಣ.

ಬೆಟ್ಟ, ನದಿಗಳು ಕ್ರೊಯೇಷಿಯಾವನ್ನು ಒಳಗೊಳಗೇ ಮೂರು ಪಾಲು ಮಾಡಿವೆ. ಹೊರಗಿನ ಗೆರೆಯನ್ನು ಎಳೆದದ್ದು ಮಾತ್ರ ಬಹುಪಾಲು ಇತಿಹಾಸ: ಆಟೊಮನ್ (ತುರ್ಕಿ), ಹ್ಯಾಬ್ಸ್‌ಬರ್ಗ್ (ಆಸ್ಟ್ರಿಯಾ), ವೆನಿಸ್ ಸೈನ್ಯಗಳು ಸುಮಾರು 300 ವರ್ಷಗಳ ಹಿಂದೆ ದಣಿದು ನಿಂತ ಜಾಗಗಳು. ನಿಸರ್ಗದ ಗೆರೆಯೂ ರಾಜಕೀಯದ ಗೆರೆಯೂ ಅಲ್ಲಿ ಕೆಲವೆಡೆ ಮಾತ್ರ ಒಂದರ ಮೇಲೊಂದು ಕೂರುತ್ತವೆ. ಕೂರದ ಕಡೆಯೆಲ್ಲ ಏನಾದರೊಂದು ತಕರಾರು ಇದೆ: ನೀರಿನದೋ, ಮೀನುಗಾರಿಕೆಯದೋ, ರೈಲಿನದೋ.

ಅಳತೆ ಕಣ್ಣ ಮುಂದಿರಲಿ. ದೇಶದ ನೆಲ 56,594 ಚದರ ಕಿ.ಮೀ., ಅಂದರೆ ಕರ್ನಾಟಕದ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. 2021ರ ಜನಗಣತಿಯಲ್ಲಿ ಜನಸಂಖ್ಯೆ 38.7 ಲಕ್ಷ. ಇಷ್ಟು ಪುಟ್ಟ ದೇಶಕ್ಕೆ ಐದು ನೆರೆ ದೇಶಗಳು, 2,200 ಕಿ.ಮೀ.ಗೂ ಮೀರಿದ ಭೂಗಡಿ. ಬೋಸ್ನಿಯಾ ಜೊತೆ ಸುಮಾರು 1,000 ಕಿ.ಮೀ., ಸ್ಲೊವೇನಿಯಾ ಜೊತೆ 600ಕ್ಕೂ ಹೆಚ್ಚು, ಹಂಗೇರಿ ಜೊತೆ 350ರ ಆಸುಪಾಸು, ಸರ್ಬಿಯಾ ಜೊತೆ 300ಕ್ಕೂ ಹೆಚ್ಚು, ಮಾಂಟೆನೆಗ್ರೊ ಜೊತೆ 20ರ ಹತ್ತಿರ. ಬೇರೆ ಬೇರೆ ಪುಸ್ತಕಗಳಲ್ಲಿ ಈ ಅಂಕಿಗಳು ಹತ್ತಾರು ಕಿ.ಮೀ. ಆಚೀಚೆ ಇರುತ್ತವೆ, ಗಾಬರಿ ಬೇಡ. ಗಡಿಯ ದೊಡ್ಡ ಭಾಗ ನದಿಯಗುಂಟ ಹೋಗುತ್ತದೆ. ನದಿಯ ಪ್ರತಿ ತಿರುವನ್ನೂ ಅಳೆದರೆ ಒಂದು ಲೆಕ್ಕ, ಸಣ್ಣ ಪ್ರಮಾಣದ ನಕ್ಷೆಯಲ್ಲಿ ಅಳೆದರೆ ಇನ್ನೊಂದು ಲೆಕ್ಕ. ಕರಾವಳಿಯದೂ ಇದೇ ಕಥೆ. ಹಳೆಯ ಪಠ್ಯಗಳಲ್ಲಿ ದ್ವೀಪಗಳ ದಡವೂ ಸೇರಿ 5,835 ಕಿ.ಮೀ. ಎಂದಿರುತ್ತದೆ. 1:25,000 ಪ್ರಮಾಣದ ನಕ್ಷೆಗಳ ಮೇಲೆ ಮರು ಅಳತೆ ಮಾಡಿದಾಗ ಅದು 6,278 ಕಿ.ಮೀ. ಆಯಿತು. ಸಮುದ್ರ ಒಂದಿಂಚೂ ಸರಿದಿರಲಿಲ್ಲ, ಅಳತೆ ಸೂಕ್ಷ್ಮವಾಯಿತು ಅಷ್ಟೇ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಯಾವ ಅಳತೆಯ ಅಂಕಿ ಎಂದು ನೋಡಿಕೊಂಡೇ ಬರೆಯಬೇಕು.

ಇಕ್ಕಳದ ಮೇಲಿನ ತೋಳು ಸ್ಲಾವೋನಿಯಾ. ಝಾಗ್ರೆಬ್‌ನಿಂದ ಪೂರ್ವಕ್ಕೆ ವುಕೋವಾರ್‌ವರೆಗೆ, ಉತ್ತರದಲ್ಲಿ ದ್ರಾವಾ, ದಕ್ಷಿಣದಲ್ಲಿ ಸಾವಾ, ಪೂರ್ವದ ತುದಿಯಲ್ಲಿ ಡ್ಯಾನ್ಯೂಬ್, ಹೀಗೆ ಮೂರು ನದಿಗಳ ನಡುವಿನ ಬಯಲು. ಇದು ಹಂಗೇರಿಯ ಮಹಾ ಬಯಲಿನದೇ ಮುಂದುವರಿಕೆ. ಮೆಕ್ಕೆಜೋಳ, ಗೋಧಿ, ಸೂರ್ಯಕಾಂತಿ ಬೆಳೆಯುವ ದಪ್ಪ ಮಣ್ಣು. ಅಲ್ಲಲ್ಲಿ ಪಾಪುಕ್, ಪ್ಸುನ್ಯ್ ಎಂಬ ಸಾವಿರ ಮೀಟರ್ ಮುಟ್ಟದ ಹಳೆಯ ಗುಡ್ಡಗಳು. ದ್ರಾವಾ ಡ್ಯಾನ್ಯೂಬನ್ನು ಸೇರುವಲ್ಲಿ ಕೊಪಾಚ್ಕಿ ರೀಟ್ ಎಂಬ ದೊಡ್ಡ ಜೌಗು, ಸಾವಾದ ಬದಿಯಲ್ಲಿ ಲೋನ್ಯಾ ನದಿಯ ನೆರೆಬಯಲು. ಸಾವಾದಲ್ಲಿ ನೆರೆ ಬಂದಾಗ ನೀರನ್ನು ಬೇಕೆಂದೇ ಈ ಬಯಲಿಗೆ ಹರಿಸಿ ಕೆಳಗಿನ ಊರುಗಳನ್ನು ಉಳಿಸುವ ವ್ಯವಸ್ಥೆ ಅಲ್ಲಿದೆ. ಹಾಗಾಗಿ ಅಲ್ಲಿನ ಹುಲ್ಲುಗಾವಲು ಒಂದು ತಿಂಗಳು ಕೆರೆ, ಮುಂದಿನ ತಿಂಗಳು ದನ ಮೇಯುವ ಜಾಗ.

ಎರಡೂ ತೋಳು ಸೇರುವ ಕೀಲಿನಲ್ಲಿ ಬೆಟ್ಟಗಳಿವೆ: ಗೋರ್ಸ್ಕಿ ಕೋಟಾರ್, ಲೀಕಾ, ವೆಲೆಬಿಟ್. ಡಿನಾರಿಕ್ ಪರ್ವತಶ್ರೇಣಿಯ ಭಾಗ ಇವು. ಎತ್ತರ ಬಹಳವೇನಿಲ್ಲ. ವೆಲೆಬಿಟ್ಟಿನ ಅತಿ ಎತ್ತರದ ವಾಗನ್ಸ್ಕಿ ಶಿಖರ 1,757 ಮೀ., ದೇಶದ ಅತಿ ಎತ್ತರದ ಡಿನಾರಾ 1,831 ಮೀ. ಅದೇ ಡಿನಾರಾ ಬೆಟ್ಟಸಾಲಿನ ನಿಜವಾದ ಅತಿ ಎತ್ತರದ ತುದಿ ಟ್ರೋಗ್ಲಾವ್, 1,913 ಮೀ. ಗಡಿ ದಾಟಿದರೆ ಸಿಗುವ ಅದು ಬೋಸ್ನಿಯಾದ ಪಾಲು. ಗಡಿ ಇಲ್ಲಿ ಬೆಟ್ಟದ ನೆತ್ತಿಯನ್ನೂ ಗೌರವಿಸಿಲ್ಲ.

ಎತ್ತರ ಕಡಿಮೆಯಾದರೂ ಈ ಬೆಟ್ಟಗಳು ಮಾಡುವ ಕೆಲಸ ದೊಡ್ಡದು. ಕೂಪಾ ನದಿಯನ್ನು ನೋಡಿ. ರಿಸ್ನ್ಯಾಕ್ ಬೆಟ್ಟದ ಬುಡದಲ್ಲಿ ಹಸಿರು ಮಡುವಿನಂತೆ ಹುಟ್ಟುತ್ತದೆ. ಅಲ್ಲಿಂದ ಏಡ್ರಿಯಾಟಿಕ್ ಕಡಲು ನೇರ ಗೆರೆಯಲ್ಲಿ 25 ಕಿ.ಮೀ. ಒಳಗೇ ಇದೆ. ನೀರು ಮಾತ್ರ ಆ ಕಡೆ ಹೋಗುವುದಿಲ್ಲ. ಪೂರ್ವಕ್ಕೆ ತಿರುಗಿ ಸಿಸಾಕ್ ಬಳಿ ಸಾವಾ ಸೇರಿ, ಬೆಲ್‌ಗ್ರೇಡ್‌ನಲ್ಲಿ ಡ್ಯಾನ್ಯೂಬ್ ಸೇರಿ, ಕೊನೆಗೆ ಕಪ್ಪು ಸಮುದ್ರ ತಲುಪುತ್ತದೆ. ದೇಶದ ಸುಮಾರು 62% ನೆಲದ ನೀರು ಹೀಗೆ ಕಪ್ಪು ಸಮುದ್ರಕ್ಕೇ ಹೋಗುತ್ತದೆ. ಕಡಲತೀರದ ದೇಶವೆಂದು ಹೆಸರಾದರೂ ನೀರಿನ ಲೆಕ್ಕದಲ್ಲಿ ಅದು ಹೆಚ್ಚಾಗಿ ಡ್ಯಾನ್ಯೂಬ್ ದೇಶ. ನಮ್ಮ ಪಶ್ಚಿಮ ಘಟ್ಟದ ನೆತ್ತಿಯಲ್ಲಿ ಹುಟ್ಟಿ ಪೂರ್ವಕ್ಕೆ ಓಡುವ ಕಾವೇರಿ, ತುಂಗೆಯರನ್ನು ಬಲ್ಲ ಓದುಗರಿಗೆ ಇದು ಹೊಸದೇನಲ್ಲ.

ಹೊಸದೆನಿಸುವುದು ಕಲ್ಲು. ಅಲ್ಲಿನದು ಸುಣ್ಣಕಲ್ಲು. ಮಳೆನೀರು ಗಾಳಿಯ, ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೆಳು ಆಮ್ಲವಾಗಿ ಬಿರುಕುಗಳಲ್ಲಿ ಇಳಿಯುತ್ತದೆ, ಕಲ್ಲನ್ನು ಕರಗಿಸುತ್ತಾ ಹೋಗುತ್ತದೆ. ಇದೇ ಕಾರ್ಸ್ಟ್ ಭೂರಚನೆ. ಗೋರ್ಸ್ಕಿ ಕೋಟಾರ್‌ನ ಎತ್ತರಗಳಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿದರೂ ನೆಲದ ಮೇಲೆ ಹೊಳೆ ಕಡಿಮೆ, ಎಲ್ಲ ಒಳಗೆ. ವೆಲೆಬಿಟ್ಟಿನ ಲೂಕಿನಾ ಯಾಮಾ ಎಂಬ ಬಾವಿಗುಹೆ 1,400 ಮೀಟರ್‌ಗೂ ಆಳ. ಇಮೋಟ್ಸ್ಕಿ ಬಳಿಯ ಕೆಂಪು ಕೆರೆ, ಗುಹೆಯ ಮಾಳಿಗೆ ಕುಸಿದು ಆದ ಗುಂಡಿ, ಅಂಚಿನಿಂದ ತಳಕ್ಕೆ 500 ಮೀಟರ್ ಮೀರುತ್ತದೆ. ಲೀಕಾದಲ್ಲಿ ನದಿಗಳು ಬಯಲಿನಲ್ಲಿ ಹುಟ್ಟಿ, ಒಂದಷ್ಟು ದೂರ ಹರಿದು, ನೆಲದ ಬಾಯೊಳಗೆ ಇಳಿದು ಕಾಣೆಯಾಗುತ್ತವೆ.

ಆ ನೀರು ಹೊರಬರುವುದು ಎಲ್ಲೆಂದರಲ್ಲಿ. ಒಮಿಶ್ ಮತ್ತು ಬ್ರೇಲಾ ಊರುಗಳ ನಡುವೆ ಕಡಲಲ್ಲೇ ಬುಗ್ಗೆಗಳಿವೆ. ಗಾಳಿಯಿಲ್ಲದ ದಿನ ದಡದಿಂದ ನೋಡಿದರೆ ನೀರಿನ ಮೇಲೆ ಎಣ್ಣೆ ಚೆಲ್ಲಿದಂತೆ ನಯವಾದ ವೃತ್ತಗಳು ಕಾಣುತ್ತವೆ. ಈಜುತ್ತಾ ಅದರೊಳಗೆ ಹೋದರೆ ಬೆಚ್ಚಗಿನ ಕಡಲು ಇದ್ದಕ್ಕಿದ್ದಂತೆ ಕೊರೆಯುವಷ್ಟು ತಣ್ಣಗಾಗುತ್ತದೆ. ಡುಬ್ರೊವ್ನಿಕ್ ಬಳಿ ಓಂಬ್ಲಾ ನದಿ ಬಂಡೆಯ ಬುಡದಿಂದ ಪೂರ್ಣ ಗಾತ್ರದಲ್ಲೇ ಹೊರಟು, ಒಂದು ಅಣೆಕಟ್ಟೆ ಹಾರಿ, ಕೆಲವೇ ಹೆಜ್ಜೆಗಳಲ್ಲಿ ಕಡಲ ಮಟ್ಟ ಸೇರುತ್ತದೆ. ಅದರ ನೀರು ಬೆಟ್ಟದಾಚೆ ಬೋಸ್ನಿಯಾದ ಟ್ರೆಬಿಶ್ನ್ಯಿತ್ಸಾ ನದಿ ನೆಲಕ್ಕಿಳಿದ ನೀರು.

ಪ್ಲಿಟ್ವಿಟ್ಸೆ ಕೆರೆಗಳು ಇದರ ಇನ್ನೊಂದು ಮುಖ. 1979ರಿಂದ ವಿಶ್ವ ಪರಂಪರೆ ತಾಣವಾಗಿರುವ ಈ 16 ಕೆರೆಗಳು ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತವೆ. ಕೆರೆಗಳ ಏರಿಗಳನ್ನು ಕಟ್ಟುವುದು ನೀರೇ. ಕರಗಿದ ಸುಣ್ಣ ಹೊತ್ತು ಬಂದ ನೀರು ಅಂಚಿನಲ್ಲಿ ಸಿಡಿದು ಚದುರಿದಾಗ ಅನಿಲ ಹೊರಹೋಗುತ್ತದೆ, ಸುಣ್ಣ ಪಾಚಿಯ ಮೇಲೆ ಕೂತು ಕಲ್ಲಾಗುತ್ತದೆ, ಪಾಚಿ ಅದರ ಮೇಲೆ ಮತ್ತೆ ಬೆಳೆಯುತ್ತದೆ. ಏರಿ ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್. ನೀರು ಕೊಳೆಯಾದರೆ, ಯಾರಾದರೂ ಪಾಚಿ ತುಳಿದರೆ ಈ ಕಟ್ಟಡ ಕೆಲಸ ಕೆಡುತ್ತದೆ. ಅಲ್ಲಿ ಈಜು ನಿಷೇಧವಿರುವುದು ಇದೇ ಕಾರಣಕ್ಕೆ. ಹಳೆಯ ಪ್ರವಾಸ ಚಿತ್ರಗಳನ್ನು ನೋಡಿ ಈಜುಡುಗೆ ತುಂಬಿಕೊಂಡು ಹೋಗಬೇಡಿ.

ಇಕ್ಕಳದ ಕೆಳಗಿನ ತೋಳು ಕರಾವಳಿ, ಮುಖ್ಯವಾಗಿ ಡಾಲ್ಮೇಷಿಯಾ. ಇಲ್ಲಿ ಬೆಟ್ಟಸಾಲುಗಳು ದಡಕ್ಕೆ ಸಮಾನಾಂತರವಾಗಿ, ವಾಯವ್ಯದಿಂದ ಆಗ್ನೇಯಕ್ಕೆ ಓಡುತ್ತವೆ. ಏಡ್ರಿಯಾ ಎಂಬ ಪುಟ್ಟ ಭೂಫಲಕ ಈಶಾನ್ಯಕ್ಕೆ ಒತ್ತುತ್ತಾ ಬಂದು ಸುಣ್ಣಕಲ್ಲಿನ ಪದರಗಳನ್ನು ಮಡಿಸಿದ ಗುರುತು ಇದು. ಒತ್ತಡ ಇನ್ನೂ ನಿಂತಿಲ್ಲ. 1667ರಲ್ಲಿ ಡುಬ್ರೊವ್ನಿಕ್ ನೆಲಸಮವಾದದ್ದು, 2020ರ ಮಾರ್ಚ್‌ನಲ್ಲಿ ಝಾಗ್ರೆಬ್, ಡಿಸೆಂಬರ್ 29ರಂದು ಪೆಟ್ರಿನ್ಯಾ ಭೂಕಂಪದಲ್ಲಿ ಕುಸಿದದ್ದು, ಎಲ್ಲದರ ಹಿಂದೆ ಇದೇ ತಳ್ಳಾಟ. ಕಳೆದ ಹಿಮಯುಗದ ಉತ್ತುಂಗದಲ್ಲಿ ಕಡಲ ಮಟ್ಟ ಈಗಿಗಿಂತ ಸುಮಾರು 120 ಮೀ. ಕೆಳಗಿತ್ತು. ಏಡ್ರಿಯಾಟಿಕ್‌ನ ಉತ್ತರ ಭಾಗ ಆಗ ನಡೆದು ದಾಟಬಹುದಾದ ಬಯಲು. ಹಿಮ ಕರಗಿ ನೀರು ಏರಿದಾಗ ಮಡಿಕೆಗಳ ನಡುವಿನ ಕಣಿವೆಗಳು ಕಾಲುವೆಗಳಾದವು, ನೆತ್ತಿಗಳು ಉದ್ದುದ್ದ ದ್ವೀಪಗಳಾದವು. ಭೂಗೋಳ ಪಠ್ಯಗಳಲ್ಲಿ ಡಾಲ್ಮೇಷಿಯನ್ ಮಾದರಿಯ ಕರಾವಳಿ ಎಂದು ಓದಿದ್ದರೆ, ಅದರ ಮೂಲಪ್ರತಿ ಇದೇ. ಹ್ವಾರ್ ದ್ವೀಪ 68 ಕಿ.ಮೀ. ಉದ್ದ, ಅಗಲ ಮಾತ್ರ ಹೆಚ್ಚೆಂದರೆ ಹತ್ತು ಕಿ.ಮೀ. ಆಸುಪಾಸು. ಚಿಕ್ಕ ಬಂಡೆಗಳನ್ನೂ ಸೇರಿಸಿದರೆ ದ್ವೀಪಗಳ ಸಂಖ್ಯೆ 1,200 ಮೀರುತ್ತದೆ. ಕ್ರ್ಕ್ ದೊಡ್ಡದೋ ಚ್ರೆಸ್ ದೊಡ್ಡದೋ ಎಂಬ ಜಗಳವೂ ಇದೆ: ಎರಡೂ 405 ಚದರ ಕಿ.ಮೀ. ಆಸುಪಾಸು. ಹಳೆಯ ಅಳತೆಯಲ್ಲಿ ಕ್ರ್ಕ್ ಮುಂದಿತ್ತು, ಹೊಸದರಲ್ಲಿ ಚ್ರೆಸ್ ಕೂದಲೆಳೆಯಷ್ಟು ಮುಂದೆ.

ಈ ಬೆಟ್ಟ ಮತ್ತು ಕಡಲ ನೆರೆತನದಿಂದ ಹುಟ್ಟುವ ಗಾಳಿ ಬೂರಾ. ಚಳಿಗಾಲದಲ್ಲಿ ಲೀಕಾದ ಬಯಲಿನಲ್ಲಿ ತಣ್ಣನೆಯ ಭಾರವಾದ ಗಾಳಿ ಕೆರೆಯಂತೆ ತುಂಬಿಕೊಳ್ಳುತ್ತದೆ. ವೆಲೆಬಿಟ್ಟಿನ ತಗ್ಗು ಕಣಿವೆ ಸಿಕ್ಕಲ್ಲಿ ಅದು ತುಳುಕಿ, ಇಳಿಜಾರಿನಲ್ಲಿ ವೇಗ ಪಡೆದು ಕಡಲಿಗೆ ಬೀಳುತ್ತದೆ. ಸೆನ್ಯ್ ಊರು ಬೂರಾಕ್ಕೆ ಕುಖ್ಯಾತವಾಗಿರುವುದು ಅದರ ನೆತ್ತಿಯ ಮೇಲೆ ಸುಮಾರು 700 ಮೀ. ಎತ್ತರದಲ್ಲಿ ವ್ರಾತ್ನಿಕ್ ಎಂಬ ಅಂಥ ಕಂಡಿ ಇರುವುದರಿಂದ. ರಭಸದ ಹೊಡೆತಗಳು ಗಂಟೆಗೆ 200 ಕಿ.ಮೀ. ದಾಟಿದ ದಾಖಲೆಗಳಿವೆ. ಪಾಗ್ ದ್ವೀಪದ ವೆಲೆಬಿಟ್ ಕಡೆಯ ದಡದಲ್ಲಿ ಹುಲ್ಲುಕಡ್ಡಿಯೂ ಇಲ್ಲ, ಬೂರಾ ಎರಚುವ ಉಪ್ಪುನೀರು ಎಲ್ಲವನ್ನೂ ಸುಟ್ಟಿದೆ. ಬೆನ್ನು ತಿರುಗಿಸಿದ ಕಡೆಯಲ್ಲಿ ಅದೇ ದ್ವೀಪದಲ್ಲಿ ಆಲಿವ್ ತೋಟಗಳಿವೆ. ಉಪ್ಪು ಹತ್ತಿದ ಗಿಡ ಮೇಯುವ ಕುರಿಗಳ ಹಾಲಿನ ಚೀಸ್ ಪಾಗ್‌ನ ಹೆಸರು ಉಳಿಸಿದೆ. ಬೇಸಿಗೆಯಲ್ಲೂ ಬೂರಾ ಬೀಸುವುದುಂಟು, ಆದರೆ ಅಪರೂಪ, ಅಲ್ಪಕಾಲ.

ಈಗ ಗಡಿ. ಇಕ್ಕಳದ ಒಳಬಾಯಿ, ಅಂದರೆ ಬೋಸ್ನಿಯಾ ಗಡಿ, ಎರಡು ಒಪ್ಪಂದಗಳ ಫಲ ಎಂದರೆ ಹೆಚ್ಚು ತಪ್ಪಾಗದು. ಹದಿನಾರನೇ ಶತಮಾನದಲ್ಲಿ ಆಟೊಮನ್ನರು ಇಂದಿನ ಕ್ರೊಯೇಷಿಯಾದ ಬಹುಭಾಗವನ್ನು ಗೆದ್ದಿದ್ದರು. 1683ರಲ್ಲಿ ವಿಯೆನ್ನಾ ಮುತ್ತಿಗೆ ಸೋತ ಮೇಲೆ ಹಿಂದೆ ಸರಿದರು. 1699ರ ಕಾರ್ಲೊವಿಟ್ಸ್ ಒಪ್ಪಂದದಲ್ಲಿ ಸ್ಲಾವೋನಿಯಾ ಹ್ಯಾಬ್ಸ್‌ಬರ್ಗರಿಗೆ ಬಂತು, ಸಾವಾ ಮತ್ತು ಊನಾ ನದಿಗಳು ಗಡಿಯಾದವು. ಮೇಲಿನ ತೋಳಿನ ಕೆಳ ಅಂಚು ಅದು. ಡಾಲ್ಮೇಷಿಯಾ ಕಡೆ ವೆನಿಸ್ ಇತ್ತು. ಕರಾವಳಿಯ ಕೋಟೆಗಳಿಂದ ಒಳನಾಡಿಗೆ ಅದು ಯುದ್ಧದಿಂದ ಯುದ್ಧಕ್ಕೆ ಒಂದೊಂದು ಗೆರೆ ಮುಂದೆ ಹೋಯಿತು. 1718ರ ಪಸ್ಸರೊವಿಟ್ಸ್ ಒಪ್ಪಂದದ ನಂತರ ಗುರುತು ಮಾಡಿದ ಗೆರೆಯನ್ನು ವೆನಿಸ್ ಅಧಿಕಾರಿ ಮೊಚೆನಿಗೊ ಹೆಸರಿನಿಂದ ಕರೆಯುತ್ತಾರೆ. ಇಂದಿನ ಡಾಲ್ಮೇಷಿಯಾ–ಬೋಸ್ನಿಯಾ ಗಡಿ ಬಹುಪಾಲು ಅದೇ. ಮಧ್ಯದಲ್ಲಿ ಉಳಿದದ್ದು ಆಟೊಮನ್ನರ ಬೋಸ್ನಿಯಾ. ಇಕ್ಕಳದ ಆಕಾರ ಅಲ್ಲಿಗೆ ಮುಗಿಯಿತು. ನಂತರ ಬಂದವರೆಲ್ಲ, ಆಸ್ಟ್ರಿಯಾ, ಕ್ರೊಯೇಷಿಯಾ–ಬೋಸ್ನಿಯಾಗಳೆಲ್ಲ ಒಂದೇ ದೇಶವಾಗಿದ್ದ ಯುಗೊಸ್ಲಾವಿಯಾ, ಇದನ್ನೇ ಹೆಚ್ಚುಕಡಿಮೆ ಒಳಗಡಿಯಾಗಿ ಉಳಿಸಿಕೊಂಡರು. ಯುಗೊಸ್ಲಾವಿಯಾ ಒಡೆದಾಗ, 1992ರ ಜನವರಿಯಲ್ಲಿ, ಯುರೋಪ್ ಸಮುದಾಯ ನೇಮಿಸಿದ್ದ ಬದಾಂತೇರ್ ಆಯೋಗವು ಯುಗೊಸ್ಲಾವ್ ಗಣರಾಜ್ಯಗಳ ಒಳಗಡಿಗಳೇ ಇನ್ನು ಅಂತರರಾಷ್ಟ್ರೀಯ ಗಡಿಗಳು ಎಂದು ಅಭಿಪ್ರಾಯ ಕೊಟ್ಟಿತು.

ಒಂದು ದೇಶದ ಒಳಗೆ ಇದ್ದಾಗ ಯಾರೂ ತಲೆ ಕೆಡಿಸಿಕೊಳ್ಳದ ಗೆರೆ ಹೀಗೆ ಏಕಾಏಕಿ ಪಾಸ್‌ಪೋರ್ಟ್ ಕೇಳತೊಡಗಿತು. ಊನಾ ಕಣಿವೆಯ ರೈಲುಮಾರ್ಗ ಇದರ ಅತ್ಯುತ್ತಮ ಉದಾಹರಣೆ. ಝಾಗ್ರೆಬ್ ಕಡೆಯಿಂದ ಬಿಹಾಚ್ ಮೂಲಕ ಕ್ನಿನ್‌ಗೆ, ಅಲ್ಲಿಂದ ಸ್ಪ್ಲಿಟ್‌ಗೆ ಹೋಗುವ ಈ ದಾರಿಯನ್ನು 1980ರ ದಶಕದಲ್ಲಿ ಕ್ನಿನ್‌ವರೆಗೆ ವಿದ್ಯುದೀಕರಿಸಿದ್ದರು. ನದಿಯ ತಿರುವುಗಳಿಗೆ ತಕ್ಕಂತೆ ಹಳಿ ಗಡಿಯನ್ನು ಮತ್ತೆ ಮತ್ತೆ ದಾಟುತ್ತದೆ. 1991ರ ಯುದ್ಧದ ನಂತರ ಅದು ಉದ್ದಕ್ಕೂ ರೈಲು ಓಡುವ ಮಾರ್ಗವಾಗಿ ಮತ್ತೆ ಎದ್ದಿಲ್ಲ. ಸ್ಪ್ಲಿಟ್ ರೈಲುಗಳು ಲೀಕಾದ ಬೆಟ್ಟದ ದಾರಿಯಲ್ಲೇ ಸುತ್ತಿ ಹೋಗುತ್ತವೆ. ಡುಬ್ರೊವ್ನಿಕ್‌ಗೆ ರೈಲೇ ಇಲ್ಲ.

ನೀರಿನ ಕಥೆ ಇನ್ನೂ ಸೂಕ್ಷ್ಮ. ಸುಣ್ಣಕಲ್ಲಿನೊಳಗೆ ಹರಿಯುವ ನೀರಿಗೆ ಮೊಚೆನಿಗೊ ರೇಖೆ ಗೊತ್ತಿಲ್ಲ. ಸ್ಪ್ಲಿಟ್ ಹಿಂಭಾಗದ ಚೆಟಿನಾ ನದಿಯ ನೀರು ಬಹುಪಾಲು ಬೋಸ್ನಿಯಾದ ಲಿವ್ನೊ ಬಯಲಿನಲ್ಲಿ ಇಂಗಿ ಬಂದದ್ದು. ಬೂಶ್ಕೊ ಜಲಾಶಯ ಇರುವುದು ಬೋಸ್ನಿಯಾದಲ್ಲಿ, ಅದರ ನೀರು ಸುರಂಗದ ಮೂಲಕ ಇಳಿದು ತಿರುಗಿಸುವ ಓರ್ಲೊವಾಟ್ಸ್ ವಿದ್ಯುತ್ ಘಟಕ ಇರುವುದು ಕ್ರೊಯೇಷಿಯಾದಲ್ಲಿ. ಮುಳುಗಡೆಯಾದ ನೆಲಕ್ಕೆ ಯಾರು ಎಷ್ಟು ಕೊಡಬೇಕು ಎಂಬ ವಾದ ಅಂದಿನಿಂದ ಇದೆ. ನದಿ ನೀರಿನ ಹಂಚಿಕೆಯ ಜಗಳ ಕಂಡವರಿಗೆ ಅರ್ಥವಾಗುವಂಥದ್ದೇ. ವ್ಯತ್ಯಾಸವೆಂದರೆ ಇಲ್ಲಿ ನೀರು ಕಣ್ಣಿಗೆ ಕಾಣುವುದಿಲ್ಲ. ಯಾವ ಹನಿ ಎಲ್ಲಿಗೆ ಹೋಯಿತು ಎಂದು ತಿಳಿಯಲು ಇಂಗುಗುಂಡಿಗೆ ಬಣ್ಣ ಸುರಿದು, ಆಚೆ ಬುಗ್ಗೆಯಲ್ಲಿ ಕಾಯಬೇಕು.

ಕಲ್ಲು ಹೀಗೆ ಕಾಡಿದರೆ, ಬಯಲಿನಲ್ಲಿ ಕಾಡುವುದು ನದಿಯ ಚಂಚಲತೆ. ಡ್ಯಾನ್ಯೂಬ್ ಗಡಿಯನ್ನು ಕ್ರೊಯೇಷಿಯಾ ಹಳೆಯ ಭೂಕಂದಾಯ ದಾಖಲೆಯ ಪ್ರಕಾರ ಓದುತ್ತದೆ. ಸರ್ಬಿಯಾ ಇಂದಿನ ನದಿಯ ಹರಿವಿನ ನಡುಗೆರೆಯ ಪ್ರಕಾರ ಓದುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಹಡಗು ಸಂಚಾರಕ್ಕೆಂದು, ನೆರೆ ತಡೆಯಲೆಂದು ನದಿಯ ಬಳಸುಗಳನ್ನು ಕತ್ತರಿಸಿ ನೇರ ಮಾಡಿದರು. ಗ್ರಾಮಗಳ ಜಮೀನಿನ ದಾಖಲೆ ಹಳೆಯ ತಿರುವುಗಳಲ್ಲೇ ಉಳಿಯಿತು. ಪರಿಣಾಮವಾಗಿ ಕ್ರೊಯೇಷಿಯಾ ತನ್ನದೆನ್ನುವ ದೊಡ್ಡ ತುಂಡುಗಳು ಈಗ ನದಿಯ ಪೂರ್ವ ದಡದಲ್ಲಿ, ಸರ್ಬಿಯಾ ಕೈಯಲ್ಲಿವೆ. ಪಶ್ಚಿಮ ದಡದ ಕೆಲವು ಚಿಕ್ಕ ತುಂಡುಗಳನ್ನು ಇಬ್ಬರೂ ತಮ್ಮದೆನ್ನುವುದಿಲ್ಲ. ಕ್ರೊಯೇಷಿಯಾ ಅವನ್ನು ತನ್ನದೆಂದು ಒಪ್ಪಿದರೆ ಪೂರ್ವದ ಹಕ್ಕು ಬಿಟ್ಟುಕೊಟ್ಟಂತೆ! ಅಂಥ ಒಂದು ತುಂಡು, ಸುಮಾರು 7 ಚದರ ಕಿ.ಮೀ.ನ ಗೋರ್ನ್ಯಾ ಸಿಗಾ. 2015ರ ಏಪ್ರಿಲ್‌ನಲ್ಲಿ ಚೆಕ್ ದೇಶದ ಕೆಲವರು ಅಲ್ಲಿ ಲಿಬರ್‌ಲ್ಯಾಂಡ್ ಎಂಬ ದೇಶ ಸ್ಥಾಪಿಸಿದ್ದೇವೆ ಎಂದು ಘೋಷಿಸಿ ಸುದ್ದಿಯಾದರು. ವಿಶ್ವಸಂಸ್ಥೆಯ ಯಾವ ಸದಸ್ಯ ದೇಶವೂ ಅದನ್ನು ಮಾನ್ಯ ಮಾಡಿಲ್ಲ. ಹಂಗೇರಿ ಕಡೆಯೂ ದ್ರಾವಾ ಇದೇ ಆಟ ಆಡಿದೆ. ಗೋಲಾ, ರೆಪಾಶ್ ಊರುಗಳು ಕ್ರೊಯೇಷಿಯಾದವೇ ಆದರೂ ನದಿಯಾಚೆ ಇವೆ. ಅಲ್ಲಿ ಮಾತ್ರ ಎರಡೂ ದೇಶ ಗೆರೆಯನ್ನು ಒಪ್ಪಿರುವುದರಿಂದ ಗಲಾಟೆ ಇಲ್ಲ. ನದಿ ಸರಿದದ್ದರಿಂದಲೇ ಜಗಳ ಹುಟ್ಟುವುದಿಲ್ಲ, ಯಾವ ನದಿ ಲೆಕ್ಕ ಎಂದು ಮೊದಲೇ ಬರೆದಿಡದಿದ್ದರೆ ಹುಟ್ಟುತ್ತದೆ.

ಸ್ಲೊವೇನಿಯಾ ಜೊತೆ ಭೂಮಿಗಿಂತ ಕಡಲಿನ ಜಗಳವೇ ದೊಡ್ಡದು. ಯುಗೊಸ್ಲಾವಿಯಾ ಕಾಲದಲ್ಲಿ ಗಣರಾಜ್ಯಗಳ ನಡುವೆ ಕಡಲನ್ನು ಹಂಚಿರಲೇ ಇಲ್ಲ. ಪಿರಾನ್ ಕೊಲ್ಲಿಯನ್ನು ನಡುವೆ ಸೀಳಬೇಕೆಂದು ಕ್ರೊಯೇಷಿಯಾ, ಇಡೀ ಕೊಲ್ಲಿ ತನ್ನದು ಮತ್ತು ಹೊರಸಮುದ್ರಕ್ಕೆ ದಾರಿ ಬೇಕು ಎಂದು ಸ್ಲೊವೇನಿಯಾ. 2009ರಲ್ಲಿ ಪಂಚಾಯ್ತಿಗೆ ಒಪ್ಪಿದರು. 2015ರಲ್ಲಿ ಸ್ಲೊವೇನಿಯಾ ಕಡೆಯವರು ಪಂಚಾಯ್ತಿದಾರರೊಬ್ಬರ ಜೊತೆ ಗುಟ್ಟಾಗಿ ಮಾತಾಡಿದ್ದು ಬಯಲಾಗಿ ಕ್ರೊಯೇಷಿಯಾ ಹೊರನಡೆಯಿತು. 2017ರ ಜೂನ್ 29ರ ತೀರ್ಪು ಕೊಲ್ಲಿಯ ಸುಮಾರು ಮುಕ್ಕಾಲು ಪಾಲನ್ನು ಸ್ಲೊವೇನಿಯಾಕ್ಕೆ ಕೊಟ್ಟಿತು. ಕ್ರೊಯೇಷಿಯಾ ಒಪ್ಪಿಲ್ಲ. ಇದರ ಬಿಸಿ ತಟ್ಟುವುದು ಮೀನುಗಾರರಿಗೆ: ಒಂದೇ ಜಾಗದಲ್ಲಿ ಬಲೆ ಬೀಸಿದ್ದಕ್ಕೆ ಆ ದೇಶವೂ ದಂಡ ಹಾಕುತ್ತದೆ, ಈ ದೇಶವೂ. ಪ್ರವಾಸಿಗೆ ಇದರಿಂದ ಏನೂ ಆಗುವುದಿಲ್ಲ.

ಇನ್ನು ನಿಮ್ಮ ದಾರಿಗೆ ಅಡ್ಡ ಬರುವ ನೆಯುಮ್. ಡುಬ್ರೊವ್ನಿಕ್ ಆಗ ಸ್ವತಂತ್ರ ವ್ಯಾಪಾರಿ ಗಣರಾಜ್ಯ, ಹೆಸರು ರಗೂಸಾ. ಅದಕ್ಕೆ ಆಟೊಮನ್ನರಿಗಿಂತ ಹೆಚ್ಚು ಭಯ ವೆನಿಸ್‌ನದು. ಸುಲ್ತಾನನಿಗೆ ಕಪ್ಪ ಕೊಟ್ಟು ವ್ಯಾಪಾರ ಮಾಡಬಹುದಿತ್ತು. ವೆನಿಸ್ ಮಾತ್ರ ಪ್ರತಿಸ್ಪರ್ಧಿ. ಹಾಗಾಗಿ 1699ರ ಒಪ್ಪಂದದಲ್ಲಿ ರಗೂಸಾದ ಎರಡೂ ಬದಿಯಲ್ಲಿ ಒಂದೊಂದು ಪಟ್ಟಿ ನೆಲ ಆಟೊಮನ್ನರ ಪಾಲಾಯಿತು: ವಾಯವ್ಯದಲ್ಲಿ ನೆಯುಮ್, ಆಗ್ನೇಯದಲ್ಲಿ ಸುಟೊರಿನಾ. ವೆನಿಸ್ ಸೈನ್ಯ ಭೂಮಾರ್ಗವಾಗಿ ಬರಬೇಕಾದರೆ ಸುಲ್ತಾನನ ನೆಲ ತುಳಿದೇ ಬರಬೇಕು. ಪುಟ್ಟ ರಾಜ್ಯದ ಜಾಣ ಲೆಕ್ಕಾಚಾರ! ಸುಟೊರಿನಾ ಎರಡನೇ ಮಹಾಯುದ್ಧದ ನಂತರ ಮಾಂಟೆನೆಗ್ರೊಗೆ ಹೋಯಿತು. ನೆಯುಮ್ ಬೋಸ್ನಿಯಾದಲ್ಲೇ ಉಳಿದು, ಸುಮಾರು 20 ಕಿ.ಮೀ. ದಡ ಕೊಟ್ಟು ಅದನ್ನು ಕಡಲಿರುವ ದೇಶವಾಗಿಸಿದೆ.

ಕಡಲಿದೆ ಎಂದ ಮಾತ್ರಕ್ಕೆ ಬಂದರು ಇದ್ದಂತಲ್ಲ. ನೆಯುಮ್ ಮುಂದೆ ಪೆಲ್ಯೆಶಾಟ್ಸ್ ಪರ್ಯಾಯದ್ವೀಪ ಗೋಡೆಯಂತೆ ಚಾಚಿದೆ, ಕೊಲ್ಲಿ ಆಳವಿಲ್ಲ, ಹಿಂಬದಿ ಬೆಟ್ಟ ಕಡಿದು. ಬೋಸ್ನಿಯಾದ ಸರಕು ಹೋಗುವುದು ನೆರೆಟ್ವಾ ನದಿಮುಖದ ಪ್ಲೋಚೆ ಬಂದರಿನಿಂದ, ಅದು ಕ್ರೊಯೇಷಿಯಾದ್ದು. ನೆರೆಟ್ವಾ ಕೂಡ ತನ್ನ ಸುಮಾರು 225 ಕಿ.ಮೀ. ಪಯಣದ ಕೊನೆಯ ಇಪ್ಪತ್ತು ಚಿಲ್ಲರೆ ಕಿ.ಮೀ. ಮಾತ್ರ ಕ್ರೊಯೇಷಿಯಾದಲ್ಲಿ ಹರಿದು, ಕಿತ್ತಳೆ ಜಾತಿಯ ಮ್ಯಾಂಡರಿನ್ ತೋಟಗಳ ನಡುವೆ ಕಡಲು ಸೇರುತ್ತದೆ. ನಕ್ಷೆ ಬೋಸ್ನಿಯಾಕ್ಕೆ ಕಡಲು ಕೊಟ್ಟಿತು, ನದಿ ಬಂದರನ್ನು ಪಕ್ಕದವರಿಗೆ ಕೊಟ್ಟಿತು.

ನೆಯುಮ್ ಪಟ್ಟಿಯನ್ನು ತಪ್ಪಿಸಿಕೊಳ್ಳಲು ಕ್ರೊಯೇಷಿಯಾ ಕಟ್ಟಿದ್ದೇ ಪೆಲ್ಯೆಶಾಟ್ಸ್ ಸೇತುವೆ. ಕೊಮಾರ್ನಾದಿಂದ ಬ್ರಿಯೆಸ್ಟಾಗೆ 2,404 ಮೀ. ಮೊದಲ ಪ್ರಯತ್ನ ಹಣವಿಲ್ಲದೆ ನಿಂತಿತು. ಆಮೇಲೆ ಯುರೋಪ್ ಒಕ್ಕೂಟ 35.7 ಕೋಟಿ ಯೂರೊ ಕೊಟ್ಟಿತು, ಚೀನಾದ ಕಂಪನಿ ಕಟ್ಟಿತು, 2022ರ ಜುಲೈ 26ರಂದು ತೆರೆಯಿತು. ಕಡಲ ತಳ ಮೆದು ಜೇಡಿಯಾದ್ದರಿಂದ ಉಕ್ಕಿನ ಕಂಬಗಳನ್ನು 100 ಮೀಟರ್‌ಗೂ ಮೀರಿ ಆಳಕ್ಕೆ ಬಡಿಯಬೇಕಾಯಿತು. ಬೋಸ್ನಿಯಾದ ಹಡಗುದಾರಿ ಮುಚ್ಚಬಾರದೆಂದು ಕೆಳಗೆ 55 ಮೀ. ಎತ್ತರ, 200 ಮೀ. ಅಗಲದ ಕಿಂಡಿ ಬಿಟ್ಟಿದ್ದಾರೆ. ಬೂರಾ ತಡೆಯಲು ಎರಡೂ ಅಂಚಿನಲ್ಲಿ ಗಾಳಿತಡೆಗಳಿವೆ. ಸೇತುವೆಗೆ ಟೋಲ್ ಇಲ್ಲ.

ದಾರಿ ಹೀಗೆ. ಝಾಗ್ರೆಬ್‌ನಿಂದ ಎ1 ಹೆದ್ದಾರಿಯಲ್ಲಿ ಪ್ಲೋಚೆವರೆಗೆ ಬನ್ನಿ, ಇದಕ್ಕೆ ಟೋಲ್ ಇದೆ. ಡುಬ್ರೊವ್ನಿಕ್‌ಗೆ ಒಟ್ಟು ಸುಮಾರು 600 ಕಿ.ಮೀ. ಒಂದೇ ದಿನದಲ್ಲಿ ಮುಗಿಸಬಹುದು, ಆದರೆ ಪ್ಲಿಟ್ವಿಟ್ಸೆ ನೋಡಬೇಕಿದ್ದರೆ ಝಾದಾರ್‌ನಲ್ಲೋ ಸ್ಪ್ಲಿಟ್‌ನಲ್ಲೋ ಉಳಿಯಿರಿ. 5.7 ಕಿ.ಮೀ. ಉದ್ದದ ಸ್ವೇಟಿ ರೋಕ್ ಸುರಂಗವನ್ನು ಹೊಕ್ಕು ಹೊರಬಂದಾಗ ಹವೆಯೇ ಬದಲಾಗಿರುತ್ತದೆ: ಲೀಕಾದ ಕಡೆ ಮಂಜು ಮುಸುಕಿ ತಣ್ಣಗಿದ್ದರೆ ಈ ಕಡೆ ಬಿಸಿಲು, ಕಡಲು. ಸುರಂಗದಿಂದ ಮಾಸ್ಲೆನಿಟ್ಸಾ ಸೇತುವೆವರೆಗಿನ ಭಾಗವನ್ನೇ ಬೂರಾ ಬೀಸಿದಾಗ ಮುಚ್ಚುತ್ತಾರೆ. ಮೊದಲು ಬೈಕ್, ಕ್ಯಾರವಾನ್, ಎರಡಂತಸ್ತಿನ ಬಸ್ಸುಗಳಿಗೆ, ಆಮೇಲೆ ಎಲ್ಲರಿಗೂ. ಹೊರಡುವ ಬೆಳಿಗ್ಗೆ ಅಲ್ಲಿನ ಆಟೊಕ್ಲಬ್ ಎಚ್‌ಎಕೆಯ ಜಾಲತಾಣ ನೋಡಿಕೊಳ್ಳಿ.

ಪ್ಲೋಚೆ ದಾಟಿದ ಮೇಲೆ ಎಚ್ಚರ. ಜಿಪಿಎಸ್‌ನಲ್ಲಿ ಅತಿ ಕಡಿಮೆ ದೂರ ಎಂದು ಆಯ್ಕೆ ಮಾಡಿದ್ದರೆ ಅದು ನೆಯುಮ್ ಕಡೆಗೇ ಎಳೆಯಬಹುದು. ನಡುವಿನ ಊರಾಗಿ ಸ್ಟೋನ್ ಎಂದು ಹಾಕಿಕೊಳ್ಳಿ, ಆಗ ಸೇತುವೆಯೇ ದಾರಿ. ನೆಯುಮ್ ರಸ್ತೆಯಲ್ಲಿ ಕ್ಲೆಕ್ ಠಾಣೆಯಲ್ಲಿ ಕ್ರೊಯೇಷಿಯಾದಿಂದ ಹೊರಬಿದ್ದು, ಬೋಸ್ನಿಯಾದಲ್ಲಿ ಹತ್ತು ಕಿ.ಮೀ. ಒಳಗಿನ ದೂರ ಹೋಗಿ, ಜಾಟೊನ್ ಡೋಲಿಯಲ್ಲಿ ಮತ್ತೆ ಒಳಬರಬೇಕು. 2023ರ ಜನವರಿ 1ರಿಂದ ಕ್ರೊಯೇಷಿಯಾ ಷೆಂಗೆನ್‌ನಲ್ಲಿದೆ, ಆದ್ದರಿಂದ ಕ್ಲೆಕ್‌ನಲ್ಲಿ ಹೊರಬಿದ್ದದ್ದು ಷೆಂಗೆನ್‌ನಿಂದಲೇ ಹೊರಬಿದ್ದಂತೆ. ಒಂದೇ ಪ್ರವೇಶದ ವೀಸಾ ಅಲ್ಲಿಗೆ ಮುಗಿಯಿತು, ದಿನಗಳು ಬಾಕಿ ಇದ್ದರೂ. ಆಚೆ ತುದಿಯ ಜಾಟೊನ್ ಡೋಲಿ ಠಾಣೆಯಲ್ಲಿ ನಿಮ್ಮನ್ನು ಮತ್ತೆ ಒಳಬಿಡುವುದಿಲ್ಲ. ಬಹುಪ್ರವೇಶದ ಷೆಂಗೆನ್ ವೀಸಾ ಇದ್ದವರನ್ನು ಬೋಸ್ನಿಯಾ ಪ್ರತ್ಯೇಕ ವೀಸಾ ಇಲ್ಲದೆ 30 ದಿನದವರೆಗೆ ಬಿಡುತ್ತದೆ. ನಿಯಮ ಬದಲಾಗುವುದರಿಂದ ಹೊರಡುವ ಮುನ್ನ ಆ ದೇಶದ ರಾಯಭಾರ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ. ಮೊಸ್ಟಾರ್ ನೋಡುವ ಆಸೆ ಇದ್ದರೆ ಅರ್ಜಿ ಹಾಕುವಾಗಲೇ ಬಹುಪ್ರವೇಶ ಕೇಳಿ, ಪ್ರವಾಸದ ಯೋಜನೆಯಲ್ಲಿ ಬೋಸ್ನಿಯಾವನ್ನು ತೋರಿಸಿ.

ಬಾಡಿಗೆ ಕಾರನ್ನು ಬೋಸ್ನಿಯಾ, ಮಾಂಟೆನೆಗ್ರೊಗೆ ಒಯ್ಯಲು ಕಂಪನಿಯ ಲಿಖಿತ ಅನುಮತಿ ಬೇಕು. ಕಾರು ಪಡೆಯುವಾಗಲೇ ಕೇಳಿ ಪಡೆಯಿರಿ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಹೊರಗಡಿಗಳಲ್ಲಿ ಬೆರಳಚ್ಚು, ಮುಖಚಿತ್ರ ದಾಖಲಿಸುವ ಹೊಸ ವ್ಯವಸ್ಥೆ ಹಂತಹಂತವಾಗಿ ಬಂದಿದೆ, ಬೇಸಿಗೆಯ ವಾರಾಂತ್ಯದಲ್ಲಿ ಸಾಲು ಉದ್ದವಾಗುತ್ತದೆ. ಗಡಿಯಾಚೆ ಬೋಸ್ನಿಯಾದ ಬೆಟ್ಟಗಳಲ್ಲಿ ಚಾರಣ ಮಾಡುವುದಾದರೆ ಗುರುತು ಹಾಕಿದ ದಾರಿ ಬಿಡಬೇಡಿ, 1990ರ ದಶಕದ ನೆಲಬಾಂಬುಗಳು ಇನ್ನೂ ಪೂರ್ತಿ ತೆಗೆದು ಮುಗಿದಿಲ್ಲ. ಸ್ಲೊವೇನಿಯಾ ಕಡೆಯಿಂದ ಬರುವುದಿದ್ದರೆ, ಎರಡೂ ಷೆಂಗೆನ್ ದೇಶಗಳೇ ಆದರೂ ಸ್ಲೊವೇನಿಯಾ 2023ರ ಅಕ್ಟೋಬರ್‌ನಿಂದ ಆ ಗಡಿಯಲ್ಲಿ ತಪಾಸಣೆ ಮತ್ತೆ ಶುರು ಮಾಡಿ ಹಲವು ಬಾರಿ ಮುಂದುವರಿಸಿದೆ, ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗಿರಲಿ. ಡುಬ್ರೊವ್ನಿಕ್‌ನಿಂದ ಒಂದು ದಿನಕ್ಕೆಂದು ಕೋಟರ್ ಕೊಲ್ಲಿಗೆ ಕರೆದೊಯ್ಯುವ ಬಸ್ಸುಗಳು ಬಹಳ. ಕೋಟರ್ ಇರುವುದು ಮಾಂಟೆನೆಗ್ರೊದಲ್ಲಿ. ಒಂದೇ ಪ್ರವೇಶದ ವೀಸಾ ಹಿಡಿದು ಆ ಬಸ್ ಹತ್ತಿದರೆ ಸಂಜೆ ಡುಬ್ರೊವ್ನಿಕ್ ಹೋಟೆಲಿಗೆ ಮರಳಲು ಆಗುವುದಿಲ್ಲ, ಟಿಕೆಟ್ ಮಾರುವವರು ಅದನ್ನು ಕೇಳುವುದೂ ಇಲ್ಲ.